ವೈರಸ್ ಜೀನೋಮ್ ಹೊಂದಿದರೆ ‘ರೋಗ ಅವರ ಕೊಟ್ಟಿಗೆಯಿಂದಲೇ ಬಂತು’ ಅನ್ನಬಹುದಾ?

ಹಟ್ಟಿಯವನು:
ಕಾಲುಬಾಯಿ ಜ್ವರ ಕಾಣಿಸಿಕೊಂಡ ಕಡೆಯೆಲ್ಲ ಈಗ ಒಂದು ಮಾತು ಓಡಾಡುತ್ತದೆ. ವೈರಸ್‌ನ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಬರಹ, ಓದಿಸಿದರೆ ಸಾಕು, ರೋಗ ಯಾರ ಹಿಂಡಿನಿಂದ ಬಂತು ಅನ್ನೋದು ಬಯಲಾಗುತ್ತೆ ಅಂತ. ಸುದ್ದಿಯಲ್ಲೂ ಹಾಗೇ ಬರೆಯುತ್ತಾರೆ: ಇಂಥ ದೇಶದ ತಳಿ, ಶೇಕಡಾ 99 ಹೋಲಿಕೆ, ಮುಗೀತು. ನನ್ನ ಪ್ರಶ್ನೆ ಇಷ್ಟೇ. ಎರಡು ಹಿಂಡಿನ ವೈರಸ್ 99% ಒಂದೇ ಥರ ಇದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗಿದೆ ಎಂದೇ ಅರ್ಥವಾ? ನನಗ್ಯಾಕೋ ನಂಬಿಕೆ ಬರುತ್ತಿಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ. ಸುಮ್ನೆ ಲಿಂಕ್ ಎಸೆದು ಹೋಗಬೇಡಿ.

ವೈರಾಣು ವೀಕ್ಷಕಿ:
ಮೊದಲು ಕೇಳಬೇಕಾದ್ದು, ಯಾವುದರಲ್ಲಿ 99? ಸುದ್ದಿಯವರು ಅದನ್ನೇ ಬಿಟ್ಟುಬಿಡುತ್ತಾರೆ.

ಕಾಲುಬಾಯಿ ಜ್ವರದ ವೈರಸ್‌ದು ಆರ್‌ಎನ್‌ಎ ಜೀನೋಮ್, ಉದ್ದ ಸುಮಾರು 8,300 ಅಕ್ಷರ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನೇ ಇಲ್ಲಿ ಅಕ್ಷರ ಅನ್ನುತ್ತಿದ್ದೇನೆ). ಬಹಳ ವರ್ಷ ಲ್ಯಾಬ್‌ಗಳು ಅಷ್ಟನ್ನೂ ಓದುತ್ತಿರಲಿಲ್ಲ. ವಿಪಿ1 ಅಂತ ಹೊರಕವಚದ ಒಂದು ಪ್ರೊಟೀನ್ ಇದೆ, ಅದರ ಜೀನ್ ಮಾತ್ರ ಓದುತ್ತಿದ್ದರು. ಅದು 630 ಚಿಲ್ಲರೆ ಅಕ್ಷರ. ತಳಿ ಯಾವ ಗುಂಪಿನದು ಅಂತ ನೋಡೋಕೆ ಈಗಲೂ ಅದೇ ಸಾಕು. ವಿಪಿ1ನಲ್ಲಿ 99% ಅಂದರೆ ಆರು ಅಕ್ಷರ ಬೇರೆ ಇದೆ ಅಂತ. ಅಷ್ಟರಿಂದ ಇದು ಯಾವ ಕಡೆಯ ತಳಿ ಅಂತ ಹೇಳಬಹುದು. ಈ ಹಿಂಡಿನಿಂದಲೋ ಆ ಹಿಂಡಿನಿಂದಲೋ ಅಂತ ಹೇಳೋಕಾಗಲ್ಲ.

ಪೂರ್ತಿ ಜೀನೋಮ್‌ನಲ್ಲಿ 99% ಅಂದರೆ ಲೆಕ್ಕ ಇನ್ನೂ ಮಜವಾಗಿದೆ. ಸುಮಾರು 83 ಅಕ್ಷರ ವ್ಯತ್ಯಾಸ. 2001ರಲ್ಲಿ ಬ್ರಿಟನ್‌ನಲ್ಲಿ ರೋಗ ಹಬ್ಬಿದಾಗ ತೆಗೆದ ಮಾದರಿಗಳನ್ನು ಆಮೇಲೆ ಪೂರ್ತಿ ಓದಿದರು. ವೈರಸ್ ಐದಾರು ದಿನಕ್ಕೆ ಒಂದು ಅಕ್ಷರದಂತೆ ಬದಲಾಗುತ್ತಾ ಹೋಗಿತ್ತು. ಆ ವೇಗ ಹಿಡಿದು ಹಿಂದಕ್ಕೆ ಎಣಿಸಿ. ಎರಡೂ ಕವಲುಗಳು ಬದಲಾಗುತ್ತಾ ಬಂದಿರುತ್ತವೆ, ಆದ್ದರಿಂದ ಅರ್ಧ ಮಾಡಬೇಕು. ಆಗಲೂ 83 ಅಕ್ಷರ ಬೇರೆಯಾಗೋಕೆ ಹತ್ತಿರಹತ್ತಿರ ಏಳು ತಿಂಗಳು ಬೇಕು. ಅಂದರೆ ನೀವು ಹೇಳಿದ 99% ಹೋಲಿಕೆ ಇದ್ದರೆ ಕಳೆದ ವಾರ ಒಂದರಿಂದ ಇನ್ನೊಂದಕ್ಕೆ ಹೋಗಿರೋ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬಹುದು! ಹೋಲಿಕೆಯ ಶೇಕಡಾ ನೋಡಬೇಡಿ. ಎಷ್ಟು ಅಕ್ಷರ ಬೇರೆ, ಯಾವ ಜಾಗದಲ್ಲಿ ಬೇರೆ, ಮಾದರಿ ಯಾವತ್ತು ತೆಗೆದದ್ದು, ಇಷ್ಟು ನೋಡಿ.

ಅದೇ 2001ರ ರೋಗದಲ್ಲಿ ಡರ್ಹಮ್ ಕೌಂಟಿಯ 20 ಫಾರ್ಮ್‌ಗಳ ವೈರಸ್ ಓದಿ ಒಂದು ಅಧ್ಯಯನ ಬಂತು. ಒಂದು ಫಾರ್ಮ್‌ನಿಂದ ಇನ್ನೊಂದಕ್ಕೆ ದಾಟುವಾಗ ಸರಾಸರಿ ನಾಲ್ಕು ಅಕ್ಷರ ಬದಲಾಗಿತ್ತು. ಕೆಲವು ಕಡೆ ಒಂದೋ ಎರಡೋ, ಕೆಲವು ಕಡೆ ಜಾಸ್ತಿ. ಫಾರ್ಮ್ ಮಟ್ಟದಲ್ಲಿ ಮಾತಾಡೋದಾದರೆ ಅಳತೆ ಅಷ್ಟು ಸಣ್ಣದು.

ಸಂಶಯರಾಯ:
ಸರಿ ಮೇಡಂ, ಹಾಗಾದರೆ ಒಂದು ಅಕ್ಷರವೂ ಬೇರೆ ಇಲ್ಲ ಅಂತಿಟ್ಟುಕೊಳ್ಳಿ. ಆಗಲಾದರೂ ಇವರಿಂದ ಅವರಿಗೆ ಅನ್ನಬಹುದಲ್ವಾ?

ಕೋಡ್ ಕೋಣ:
ಇಲ್ಲ. ಒಂದೇ ಥರ ಇದ್ದರೆ ದಿಕ್ಕೇ ಗೊತ್ತಾಗಲ್ಲ. ‘ಅ’ ಹಿಂಡಿನಿಂದ ‘ಆ’ ಹಿಂಡಿಗೆ ಹೋಗಿರಬಹುದು, ‘ಆ’ ಇಂದ ‘ಅ’ ಗೆ ಬಂದಿರಬಹುದು, ಇಬ್ಬರಿಗೂ ಮೂರನೆಯವರಿಂದ ಒಂದೇ ವಾರ ಬಂದಿರಬಹುದು. ಆ ಮೂರನೆಯವರ ಮಾದರಿ ಯಾರೂ ತೆಗೆದೇ ಇಲ್ಲ ಅಂದರೆ ಕಂಪ್ಯೂಟರ್ ಎಲ್ಲಿಂದ ತರುತ್ತೆ?

ದಿಕ್ಕು ಗೊತ್ತಾಗೋದು ತಪ್ಪುಗಳು ಒಂದರ ಮೇಲೊಂದು ಸೇರಿದಾಗ. ಓಲೆಗರಿ ನಕಲು ಮಾಡುವವನು ಎಲ್ಲೋ ಒಂದು ಅಕ್ಷರ ತಪ್ಪಿದರೆ ಆ ಪ್ರತಿ ನೋಡಿ ಬರೆದವರಲ್ಲೆಲ್ಲ ಅದೇ ತಪ್ಪು ಇರುತ್ತದೆ, ಜತೆಗೆ ಅವರವರ ಹೊಸ ತಪ್ಪು. ‘ಅ’ ದಲ್ಲಿ ಎರಡು ಬದಲಾವಣೆ ಇದೆ, ‘ಆ’ ದಲ್ಲಿ ಅವೆರಡೂ ಇವೆ, ಮೇಲೆ ಇನ್ನೂ ಮೂರಿವೆ ಅಂದರೆ ‘ಅ’ ಮೊದಲು ಅನ್ನೋದು ಹೆಚ್ಚುಕಮ್ಮಿ ಸರಿ. ಆದರೂ ನಡುವೆ ಇನ್ನೊಂದು ಹಿಂಡು ಇರಲಿಲ್ಲ ಅಂತ ಜೀನೋಮ್ ಪ್ರಮಾಣ ಮಾಡಿ ಹೇಳಲ್ಲ.

ನಿವೃತ್ತ ಪಶುವೈದ್ಯ:
ನಡುವೆ ಇನ್ನೊಂದು ಹಿಂಡು ಅಂದಿರಲ್ಲ, ಅದಕ್ಕೆ ಒಳ್ಳೆಯ ಉದಾಹರಣೆ 2007ರ ಬ್ರಿಟನ್. ಸ್ವಲ್ಪ ಉದ್ದ ಆಗುತ್ತೆ, ಓದಿ.

2007ರ ಆಗಸ್ಟ್ 3ರಂದು ಸರ್ರೆ ಕೌಂಟಿಯ ಒಂದು ಫಾರ್ಮ್‌ನಲ್ಲಿ ಕಾಲುಬಾಯಿ ಜ್ವರ ಖಚಿತವಾಯಿತು. 2001ರ ನೆನಪು ಇನ್ನೂ ಹಸಿಯಾಗಿತ್ತು. ಆಗ 2,000ಕ್ಕೂ ಹೆಚ್ಚು ಫಾರ್ಮ್‌ಗಳಿಗೆ ರೋಗ ತಗುಲಿ, ದನ ಕುರಿ ಹಂದಿ ಸೇರಿ 60 ಲಕ್ಷಕ್ಕಿಂತ ಹೆಚ್ಚು ಪ್ರಾಣಿಗಳನ್ನು ಕೊಂದಿದ್ದರು. ಈ ಸಲ ತಕ್ಷಣ ವೈರಸ್ ಓದಿದರು. ಬಂದ ಉತ್ತರ ವಿಚಿತ್ರ. ಆಗ ಜಗತ್ತಿನಲ್ಲಿ ಎಲ್ಲಿಯೂ ದನಗಳಲ್ಲಿ ಓಡಾಡುತ್ತಿರುವ ತಳಿ ಅದಲ್ಲ. 1967ರಲ್ಲಿ ಬ್ರಿಟನ್‌ನಲ್ಲೇ ಹಿಡಿದು ಲ್ಯಾಬ್‌ಗಳಲ್ಲಿ ಇಟ್ಟುಕೊಂಡು ಬಂದ, ಲಸಿಕೆ ತಯಾರಿಗೂ ಬಳಸುವ ತಳಿ. ಫಾರ್ಮ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಪಿರ್‌ಬ್ರೈಟ್‌ನ ಪ್ರಯೋಗಾಲಯ ಮತ್ತು ಲಸಿಕೆ ಘಟಕ. ಅಲ್ಲಿನ ಹಳೆಯ ಚರಂಡಿ ಪೈಪುಗಳು ಸೋರಿ ವೈರಸ್ ಮಣ್ಣಿಗೆ ಸೇರಿತ್ತು, ಅಲ್ಲಿಂದ ಕಾಮಗಾರಿಯ ವಾಹನಗಳ ಮೂಲಕ ಹೊರಗೆ ಹೋಗಿರಬೇಕು ಎಂದು ತನಿಖೆ ಹೇಳಿತು. ವೈರಸ್ ತಾನೇ ಒಂದು ಸಾಕ್ಷಿ ಹೊತ್ತು ತಂದಿತ್ತು. ಗಾಜಿನ ಪಾತ್ರೆಯಲ್ಲಿ ಜೀವಕೋಶಗಳ ಮೇಲೆ ಬೆಳೆಸಿದ ವೈರಸ್‌ನಲ್ಲಿ ಕಾಣುವಂಥ ಬದಲಾವಣೆಗಳು ಅದರ ಹೊರಕವಚದಲ್ಲಿದ್ದವು.

ನಾನು ಹೇಳಬೇಕೆಂದಿದ್ದು ಆಮೇಲಿನದು. ಆಗಸ್ಟ್‌ನಲ್ಲಿ ಎರಡು ಫಾರ್ಮ್ ಆಗಿ ರೋಗ ನಿಂತಿತು ಅಂದುಕೊಂಡರು. ಸೆಪ್ಟೆಂಬರ್‌ನಲ್ಲಿ ಮತ್ತೆ ಶುರು. ಲ್ಯಾಬ್‌ನಿಂದ ಎರಡನೇ ಸಲ ಸೋರಿತಾ, ಅಥವಾ ಆಗಸ್ಟ್‌ನದೇ ಎಲ್ಲೋ ಅಡಗಿಕೊಂಡು ಮುಂದುವರಿಯಿತಾ? ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಸೆಪ್ಟೆಂಬರ್ ವೈರಸ್‌ನಲ್ಲಿ ಆಗಸ್ಟ್ ವೈರಸ್‌ನ ಬದಲಾವಣೆಗಳೂ ಇದ್ದವು, ಮೇಲೆ ಹೊಸವೂ ಇದ್ದವು. ಹಾಗಾಗಿ ಎರಡನೇ ಸೋರಿಕೆ ಅಲ್ಲ. ಆದರೆ ಹೊಸ ಬದಲಾವಣೆಗಳು ಒಂದು ಜಿಗಿತಕ್ಕೆ ಜಾಸ್ತಿಯಾದವು, ನಡುವೆ ಯಾರೂ ನೋಡದ ಒಂದು ಹಿಂಡು ಇರಲೇಬೇಕು ಅಂತ ಲೆಕ್ಕ ಹೇಳಿತು. ಸುತ್ತಲಿನ ಹಿಂಡುಗಳ ರಕ್ತ ಪರೀಕ್ಷೆ ಮಾಡುತ್ತಾ ಹೋದಾಗ ಅಂಥದ್ದೊಂದು ಸಿಕ್ಕೇ ಸಿಕ್ಕಿತು. ಗಾಯಗಳು ಹಳೆಯದಾಗಿ ಮಾಗಿದ್ದವು, ಯಾರ ಗಮನಕ್ಕೂ ಬಂದಿರಲಿಲ್ಲ. ಕೊನೆಗೆ ಒಟ್ಟು ಎಂಟು ಫಾರ್ಮ್‌ಗೆ ರೋಗ ನಿಂತಿತು.

ಯಾರ ತಪ್ಪು ಅಂತ ಬೆರಳು ತೋರಿಸೋಕಿಂತ ಎಲ್ಲಿ ಹುಡುಕಬೇಕು ಅಂತ ತೋರಿಸೋದು ಇದರ ದೊಡ್ಡ ಉಪಯೋಗ ಅಂತ ನನಗೆ ಅನ್ನಿಸಿದ್ದು ಆಗ.

ಕೋಡ್ ಕೋಣ:
ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಜೀನೋಮ್ ‘ಹೌದು’ ಅನ್ನುವಾಗ ತಡವರಿಸುತ್ತದೆ, ‘ಅಲ್ಲ’ ಅನ್ನುವಾಗ ಗಟ್ಟಿಯಾಗಿ ಹೇಳುತ್ತದೆ. 2025ರ ಜನವರಿ 10ಕ್ಕೆ ಜರ್ಮನಿಯಲ್ಲಿ ಎಮ್ಮೆಗಳ ಒಂದು ಹಿಂಡಿನಲ್ಲಿ ಕಾಲುಬಾಯಿ ಜ್ವರ ಬಂತು. 1988ರ ನಂತರ ಅಲ್ಲಿ ಅದೇ ಮೊದಲು. ಮಾರ್ಚ್‌ನಲ್ಲಿ ಹಂಗೇರಿ, ಹಿಂದೆಯೇ ಸ್ಲೊವಾಕಿಯಾ. ಎಲ್ಲವೂ ಓ ಸೀರೋಟೈಪ್ (ದೇಹದ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತಿಸುವ ರೀತಿ ನೋಡಿ ಮಾಡಿದ ದೊಡ್ಡ ಗುಂಪು). ಸೀರೋಟೈಪ್ ಮಾತ್ರ ನೋಡಿದವರಿಗೆ ಜರ್ಮನಿಯಿಂದ ಹಂಗೇರಿಗೆ ಹೋಯಿತು ಅಂತ ಅನ್ನಿಸೋದು ಸಹಜ. ಓದಿ ನೋಡಿದರೆ ಎರಡೂ ಬೇರೆ ಬೇರೆ ಕವಲು. ಹಂಗೇರಿಯದು 2017–18ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ ವೈರಸ್‌ಗಳಿಗೆ ಹತ್ತಿರ, ಜರ್ಮನಿಯದು ಹಾಗಲ್ಲ. ಒಂದೇ ಚಳಿಗಾಲದಲ್ಲಿ ಯುರೋಪಿಗೆ ಎರಡು ಸಲ ಬೇರೆ ಬೇರೆಯಾಗಿ ರೋಗ ಹೊಕ್ಕಿದೆ. ಜರ್ಮನಿ ಹಂಗೇರಿ ನಡುವಿನ ಲಾರಿಗಳನ್ನೆಲ್ಲ ಹುಡುಕುವ ವ್ಯರ್ಥ ಕೆಲಸ ಅಷ್ಟರಮಟ್ಟಿಗೆ ಉಳಿಯಿತು.

ಸಂಶಯರಾಯ:
‘ಪಾಕಿಸ್ತಾನದ ವೈರಸ್‌ಗೆ ಹತ್ತಿರ’ ಅಂದ ಕೂಡಲೇ ಪಾಕಿಸ್ತಾನದಿಂದ ಬಂತು ಅಂತ ಜನ ಓದುತ್ತಾರೆ. ನೀವೂ ಹಾಗೇ ಓದಿಸುತ್ತಿದ್ದೀರಿ. 2017ರಿಂದ 2025ರವರೆಗೆ ಆ ವೈರಸ್ ಎಲ್ಲೆಲ್ಲಿ ಸುತ್ತಿತು, ಎಷ್ಟು ದೇಶಗಳು ಮಾದರಿ ಕಳಿಸಿದವು, ಎಷ್ಟು ದೇಶಗಳು ಕಳಿಸಲೇ ಇಲ್ಲ? ಮಾದರಿ ಕೊಟ್ಟವನ ಹೆಸರು ವಂಶವೃಕ್ಷದಲ್ಲಿ ಬರುತ್ತೆ, ಕೊಡದವನು ಸಾಚಾ ಆಗಿಬಿಡುತ್ತಾನೆ. ಇದು ನ್ಯಾಯವಾ?

ವೈರಾಣು ವೀಕ್ಷಕಿ:
ನ್ಯಾಯ ಅಲ್ಲ. ಆದರೆ ಅದು ವಿಧಾನದ ದೋಷ ಅನ್ನೋಕಿಂತ ಓದುವವರ ದೋಷ. ‘ಹತ್ತಿರದ ಸಂಬಂಧಿ’ ಅಂದರೆ ನಮ್ಮ ಸಂಗ್ರಹದಲ್ಲಿ ಇರುವವುಗಳ ಪೈಕಿ ಹತ್ತಿರ, ಅಷ್ಟೇ. ಏಳೆಂಟು ವರ್ಷದ ಅಂತರ ಇದೆ ಅಂದರೆ ನಡುವಿನ ಹಾದಿಯನ್ನು ಯಾರೂ ನೋಡಿಲ್ಲ ಎಂದೇ ಅರ್ಥ.

ಪ್ಯಾನ್‌ಏಷ್ಯಾ ಅನ್ನುವ ಕಾಲುಬಾಯಿ ವೈರಸ್ ತಳಿಯ ವಿಷಯದಲ್ಲೂ ಇದೇ ಆಯಿತು. ಅದು ಮೊದಲು ಗುರುತಾಗಿದ್ದು 1990ರಲ್ಲಿ ಉತ್ತರ ಭಾರತದಲ್ಲಿ. ಅಲ್ಲಿಂದ ಹತ್ತು ವರ್ಷದಲ್ಲಿ ಪಶ್ಚಿಮ ಏಷ್ಯಾ, ಚೀನಾ, ತೈವಾನ್ ಎಲ್ಲ ದಾಟಿ 2000ದಲ್ಲಿ ಕೊರಿಯಾ, ಜಪಾನ್, ದಕ್ಷಿಣ ಆಫ್ರಿಕಾ, 2001ಕ್ಕೆ ಬ್ರಿಟನ್. ಮೊದಲು ಗುರುತಾದ ಜಾಗ ಮತ್ತು ಹುಟ್ಟಿದ ಜಾಗ ಒಂದೇ ಇರಬೇಕೆಂದಿಲ್ಲ. ಇಂಡ್2001 ಅಂತ ಇನ್ನೊಂದು ಕವಲು ಇದೆ, ಹೆಸರಲ್ಲೇ ದೇಶ. ಅದು 2013ರಲ್ಲಿ ಲಿಬಿಯಾದಲ್ಲಿ ಕಾಣಿಸಿತು, 2022ರಲ್ಲಿ ಇಂಡೊನೇಷ್ಯಾದಲ್ಲಿ. ಇಂಡೊನೇಷ್ಯಾ ಹಲವು ದಶಕ ರೋಗವಿಲ್ಲದೆ ಇದ್ದ ದೇಶ. ಹೆಸರು ನೋಡಿ ದೇಶವನ್ನು ಬೈಯೋದು ಬಿಟ್ಟು, ನಮ್ಮ ಲಸಿಕೆ ಈ ಕವಲಿಗೆ ಹೊಂದುತ್ತಾ ಅಂತ ಕೇಳಿದರೆ ದನಗಳಿಗಾದರೂ ಉಪಯೋಗ. ಏಳು ಸೀರೋಟೈಪ್ ಇವೆ, ಒಂದರ ಲಸಿಕೆ ಇನ್ನೊಂದಕ್ಕೆ ಆಗಲ್ಲ. ಒಂದೇ ಸೀರೋಟೈಪ್ ಒಳಗೂ ಕೆಲವು ಕವಲಿಗೆ ರಕ್ಷಣೆ ಕಮ್ಮಿ.

ಕುರಿಗಾಹಿ:
ಎಲ್ಲರೂ ಕಾಲುಬಾಯಿ ಹಿಡಿದುಕೊಂಡು ಕೂತಿದ್ದೀರಿ 😀 ಕುರಿಗಳ ನೀಲಿ ನಾಲಿಗೆ ರೋಗಕ್ಕೂ ಹೀಗೆ ಜಾಡು ಹಿಡಿಯಬಹುದಾ? ಅದನ್ನು ನುಸಿ ಹರಡುತ್ತೆ, ಗಾಳಿಯಲ್ಲಿ ಎಲ್ಲಿಂದಲೋ ಬರುತ್ತೆ.

ವೈರಾಣು ವೀಕ್ಷಕಿ:
ಹಿಡಿಯಬಹುದು, ಮತ್ತು ಈ ಕ್ಷೇತ್ರದಲ್ಲಿ ನನಗೆ ಅತಿ ಇಷ್ಟದ ಪ್ರಸಂಗ ಅಲ್ಲೇ ಇದೆ. ನೀಲಿ ನಾಲಿಗೆ ವೈರಸ್‌ನ ಬಿಟಿವಿ-8 ಅನ್ನುವ ಬಗೆ 2006ರಲ್ಲಿ ಉತ್ತರ ಯುರೋಪಿಗೆ ಬಂತು. ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಿ ಅದನ್ನು ಅಡಗಿಸಿದರು. 2015ರಲ್ಲಿ ಫ್ರಾನ್ಸ್‌ನಲ್ಲಿ ಮತ್ತೆ ಹಾಜರ್. ಅಷ್ಟು ವರ್ಷ ಕಾಡುಪ್ರಾಣಿಗಳಲ್ಲೋ ಲಸಿಕೆ ಹಾಕದ ಹಿಂಡುಗಳಲ್ಲೋ ಸದ್ದಿಲ್ಲದೆ ಓಡಾಡುತ್ತಿತ್ತು ಅಂತ ಊಹಿಸೋದು ಸಹಜ. ಓಡಾಡಿದ್ದರೆ ಅಷ್ಟು ವರ್ಷಕ್ಕೆ ತಕ್ಕಷ್ಟು ಬದಲಾವಣೆ ಇರಬೇಕಿತ್ತು. ಇರಲಿಲ್ಲ. ಹಳೆಯ ವೈರಸ್‌ಗೂ ಹೊಸದಕ್ಕೂ ಹೆಚ್ಚೇನೂ ವ್ಯತ್ಯಾಸವೇ ಇಲ್ಲ. ಜೀವಂತ ಪ್ರಾಣಿಯಲ್ಲಿ ವೈರಸ್ ಹಾಗೆ ನಿಂತಲ್ಲೇ ನಿಲ್ಲುವುದಿಲ್ಲ. ಹಾಗಾಗಿ ಸಂಶೋಧಕರು ಬಂದ ತೀರ್ಮಾನ: ಆ ಹಿಂದಿನ ಹಾವಳಿಯ ಕಾಲದಲ್ಲಿ ಶೇಖರಿಸಿ ಫ್ರೀಜ್ ಮಾಡಿಟ್ಟ ವೀರ್ಯವೋ ಭ್ರೂಣವೋ ಆಮೇಲೆ ಬಳಕೆಗೆ ಬಂದು, ಅದರ ಮೂಲಕ ವೈರಸ್ ಎದ್ದುಬಂದಿರಬೇಕು. ಇಲ್ಲಿ ಸುಳಿವು ಕೊಟ್ಟದ್ದು ಬದಲಾವಣೆ ಇಲ್ಲದಿರುವುದು!

ನುಸಿ ಹರಡುವ ರೋಗದಲ್ಲಿ ಫಾರ್ಮ್‌ನಿಂದ ಫಾರ್ಮ್‌ಗೆ ಗೆರೆ ಎಳೆಯೋದು ಮಾತ್ರ ಕಷ್ಟ. ಈ ವೈರಸ್‌ನ ಜೀನೋಮ್ ಹತ್ತು ತುಂಡಾಗಿರುತ್ತೆ. ಒಂದೇ ಪ್ರಾಣಿಗೆ ಎರಡು ಬಗೆ ತಗುಲಿದರೆ ತುಂಡುಗಳು ಅದಲುಬದಲಾಗುತ್ತವೆ. ಒಂದು ತುಂಡಿನ ವಂಶವೃಕ್ಷ ಒಂದು ಹೇಳಿದರೆ ಇನ್ನೊಂದರದು ಬೇರೆ ಹೇಳುತ್ತೆ.

ನಿವೃತ್ತ ಪಶುವೈದ್ಯ:
ಫ್ರೀಜರ್ ಮಾತು ಬಂದಾಗ 1987ರ ಒಂದು ಕೆಲಸ ನೆನಪಾಗುತ್ತದೆ. ಯುರೋಪಿನಲ್ಲಿ ಆಗ ಕಾಲುಬಾಯಿಗೆ ಪ್ರತಿವರ್ಷ ಲಸಿಕೆ ಹಾಕುತ್ತಿದ್ದರು, ಆದರೂ ಅಲ್ಲಲ್ಲಿ ರೋಗ. ಜರ್ಮನಿಯ ಇಬ್ಬರು ವಿಜ್ಞಾನಿಗಳು ವಿಪಿ1 ಓದಿ ಹೋಲಿಸಿದರು. ಆ ಹಿಂದಿನ ವರ್ಷಗಳ ಬಹುಪಾಲು ಪ್ರಕರಣಗಳ ವೈರಸ್ ಲಸಿಕೆ ತಳಿಗೇ ಹೋಲುತ್ತಿತ್ತು. ಫಾರ್ಮಾಲಿನ್ ಹಾಕಿ ಸಾಯಿಸಿದ ವೈರಸ್ ಪೂರ್ತಿ ಸತ್ತಿರಲಿಲ್ಲ, ಇಲ್ಲವೇ ಲಸಿಕೆ ಘಟಕದಿಂದ ತಪ್ಪಿಸಿಕೊಂಡಿತ್ತು. 1990ರ ದಶಕದ ಶುರುವಿನಲ್ಲಿ ಯುರೋಪ್ ಆ ವಾರ್ಷಿಕ ಲಸಿಕೆ ನಿಲ್ಲಿಸಿತು.

ಇದನ್ನು ಓದಿ ಯಾರೂ ‘ಲಸಿಕೆಯಿಂದಲೇ ರೋಗ’ ಅಂತ ಸ್ಟೇಟಸ್ ಹಾಕಬೇಡಿ. ಈಗ ನಿಷ್ಕ್ರಿಯಗೊಳಿಸುವ ರಾಸಾಯನಿಕವೇ ಬೇರೆ, ಪ್ರತಿ ಬ್ಯಾಚ್‌ನಲ್ಲೂ ಜೀವಂತ ವೈರಸ್ ಉಳಿದಿಲ್ಲ ಅಂತ ಪರೀಕ್ಷಿಸಿಯೇ ಹೊರಬಿಡೋದು. ರೋಗ ಬೇರೂರಿದ ಕಡೆ ಲಸಿಕೆ ಬಿಟ್ಟರೆ ಬೇರೆ ದಾರಿ ಇಲ್ಲ.

ಹಟ್ಟಿಯವನು:
ಚರ್ಮಗಂಟು ರೋಗಕ್ಕೂ ಇದೇ ಲೆಕ್ಕವಾ? ಐದಾರು ದಿನಕ್ಕೆ ಒಂದು ಅಕ್ಷರ?

ಕೋಡ್ ಕೋಣ:
ಇಲ್ಲ ಅಣ್ಣ, ಅದು ಡಿಎನ್‌ಎ ವೈರಸ್. ಜೀನೋಮ್ ಒಂದೂವರೆ ಲಕ್ಷ ಅಕ್ಷರ, ಬದಲಾಗೋದು ತುಂಬಾ ನಿಧಾನ. ಆಫ್ರಿಕನ್ ಹಂದಿ ಜ್ವರವೂ ಹಾಗೇ, 1,70,000ದಿಂದ 1,90,000 ಅಕ್ಷರ. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂದದ್ದು 2018ಕ್ಕೆ ಚೀನಾ ತಲುಪಿತು, ಅಷ್ಟು ದೂರ ಬಂದರೂ ಬದಲಾವಣೆ ತುಂಬಾ ಕಮ್ಮಿ. ಅಲ್ಲಿ ಈ ಫಾರ್ಮ್ ಆ ಫಾರ್ಮ್ ಅಂತ ಜೀನೋಮ್ ನೋಡಿ ಹೇಳ್ತೀನಿ ಅಂದವರನ್ನು ನಂಬಬೇಡಿ.

ಚರ್ಮಗಂಟಿನಲ್ಲಿ ಜಾಡು ಸಿಗೋದು ಬೇರೆ ರೀತಿ. 2017ರಲ್ಲಿ ರಷ್ಯಾದ ಸರಾತೊವ್ ಪ್ರದೇಶದಲ್ಲಿ ಸಿಕ್ಕ ವೈರಸ್ ಹಿಂಡುಗಳಲ್ಲಿ ಹರಡುವ ತಳಿ, ಲಸಿಕೆ ತಳಿ, ಎರಡೂ ಕಲಸಿದ ಹಾಗಿತ್ತು. ಅಂಥ ಮಿಶ್ರ ವೈರಸ್‌ಗಳೇ 2019ರಿಂದ ಚೀನಾ, ವಿಯೆಟ್ನಾಂ ಕಡೆ ಹಬ್ಬಿದವು. ಭಾರತಕ್ಕೆ ಅದೇ 2019ರಲ್ಲಿ ಒಡಿಶಾದಲ್ಲಿ ರೋಗ ಬಂತು, ಆದರೆ ಆಗ ಸಿಕ್ಕದ್ದು ಆ ಮಿಶ್ರ ತಳಿ ಅಲ್ಲ. 2022ರಲ್ಲಿ ಅಷ್ಟೊಂದು ದನ ಸತ್ತ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ತಂಡ ಹಲವು ರಾಜ್ಯಗಳ ಮಾದರಿ ಓದಿದಾಗ ಒಂದಲ್ಲ, ಎರಡು ಬಗೆಯ ತಳಿ ಕಂಡವು. ಇಷ್ಟು ತಿಳಿಯೋಕೆ ಜೀನೋಮ್ ಬೇಕೇ ಬೇಕು. ನಿಮ್ಮ ಹಿಂಡಿಗೆ ಯಾರಿಂದ ಬಂತು ಅಂತ ತಿಳಿಯೋಕೆ ದನ ಸಾಗಿಸಿದ ದಾಖಲೆಯೇ ವಾಸಿ.

ಸಂಶಯರಾಯ:
ದಾಖಲೆ ಅಂದಿರಲ್ಲ, ಅಲ್ಲೇ ಇರೋದು ಗಂಟು. ಅಮೆರಿಕದ ಹಾಲು ಕೊಡುವ ದನಗಳಿಗೆ ಹಕ್ಕಿಜ್ವರ ಬಂತಲ್ಲ, ಎಚ್5ಎನ್1, 2024ರ ಮಾರ್ಚ್ ಕೊನೆಗೆ ಖಚಿತವಾಯಿತು. ಏಪ್ರಿಲ್‌ನಲ್ಲಿ ಅಲ್ಲಿನ ಕೃಷಿ ಇಲಾಖೆ ನೂರಾರು ಮಾದರಿಗಳ ದತ್ತಾಂಶ ಬಹಿರಂಗ ಮಾಡಿತು. ಎಲ್ಲಿಯದು? ‘ಅಮೆರಿಕ’. ಯಾವತ್ತಿನದು? ‘2024’. ಅಷ್ಟೇ! ರಾಜ್ಯ ಇಲ್ಲ, ದಿನಾಂಕ ಇಲ್ಲ. ವಿಜ್ಞಾನಿಗಳು ಬಹಿರಂಗವಾಗಿಯೇ ಗೊಣಗಿದರು. ಜಾಗ ದಿನಾಂಕ ಇಲ್ಲದ ಜೀನೋಮ್ ಇಟ್ಟುಕೊಂಡು ಏನು ಮಾಡೋದು?

ವೈರಾಣು ವೀಕ್ಷಕಿ:
ಗೊಣಗಿದ್ದು ಸರಿಯೇ. ಆದರೂ ಅದರಲ್ಲೇ ದೊಡ್ಡ ಉತ್ತರ ಸಿಕ್ಕಿತು. ದನಗಳಿಂದ ತೆಗೆದ, ಬಿ3.13 ಅನ್ನುವ ಬಗೆಯ ವೈರಸ್ ಮಾದರಿಗಳೆಲ್ಲ ಒಂದೇ ಕವಲಿನಲ್ಲಿ ಕೂತವು. ಅಂದರೆ ಹಕ್ಕಿಯಿಂದ ದನಕ್ಕೆ ದಾಟಿದ್ದು ಒಂದೇ ಸಲ, ಅದೂ ರೋಗ ಪತ್ತೆಯಾಗೋಕೆ ಕೆಲವು ತಿಂಗಳು ಮೊದಲೇ. ಆಮೇಲಿನದೆಲ್ಲ ದನದಿಂದ ದನಕ್ಕೆ. ಹಕ್ಕಿಗಳು ಪ್ರತಿ ರಾಜ್ಯದಲ್ಲೂ ತಂದು ಹಾಕುತ್ತಿವೆ ಅನ್ನುವ ವಾದ ಅಲ್ಲಿಗೆ ಬಿತ್ತು. ಟೆಕ್ಸಾಸ್ ಕಡೆಯಿಂದ ಬೇರೆ ರಾಜ್ಯಗಳಿಗೆ ಲಾರಿಯಲ್ಲಿ ಹೋದ ದನಗಳ ಜತೆ ವೈರಸ್ ಹೋಗಿತ್ತು. ಏಪ್ರಿಲ್ 29ರಿಂದ ಹಾಲು ಕರೆಯುವ ದನಗಳನ್ನು ರಾಜ್ಯದಾಚೆ ಸಾಗಿಸುವ ಮೊದಲು ಪರೀಕ್ಷೆ ಕಡ್ಡಾಯ ಮಾಡಿದರು.

2025ರ ಶುರುವಿನಲ್ಲಿ ನೆವಾಡಾದಲ್ಲಿ ಹಾಲಿನ ಪರೀಕ್ಷೆಯಿಂದ ಬೇರೆಯೇ ಒಂದು ಬಗೆ ಸಿಕ್ಕಿತು, ಡಿ1.1. ಹಕ್ಕಿಯಿಂದ ದನಕ್ಕೆ ಇನ್ನೊಂದು ಸಲ ದಾಟಿದೆ ಅಂತ ಆಗ ತಿಳಿಯಿತು. ಬರೀ ‘ಪಾಸಿಟಿವ್’ ಅಂತ ಬರೆದು ಬಿಟ್ಟಿದ್ದರೆ ಅದೂ ಹಳೆಯದರ ಲೆಕ್ಕಕ್ಕೇ ಸೇರುತ್ತಿತ್ತು.

ಹಟ್ಟಿಯವನು:
ಇದೆಲ್ಲ ಸರಿ. ನನಗೆ ಇರೋ ಭಯ ಬೇರೆ. ನನ್ನ ಹಿಂಡಿನ ಮಾದರಿ ಕೊಟ್ಟೆ, ನಾಳೆ ‘ಇವನಿಂದಲೇ ಹತ್ತು ಜನಕ್ಕೆ ಹೋಯ್ತು’ ಅಂತ ಹೆಸರು ಬಂದರೆ? ಜನ ಮಾದರಿ ಕೊಡೋದನ್ನೇ ನಿಲ್ಲಿಸುತ್ತಾರೆ.

ನಿವೃತ್ತ ಪಶುವೈದ್ಯ:
ನಿಲ್ಲಿಸುತ್ತಾರೆ, ಅನುಮಾನವೇ ಇಲ್ಲ. ಅದಕ್ಕೇ ಪ್ರಕಟಿಸುವಾಗ ಫಾರ್ಮ್ ಹೆಸರು ಹಾಕದೆ ಸಂಕೇತ ಕೊಡೋದು, ಮೇಲೆ ಹೇಳಿದ ಬ್ರಿಟನ್ ಅಧ್ಯಯನಗಳಲ್ಲೂ ಹಾಗೇ. ರೋಗ ತಡೆಯುವ ತಂಡಕ್ಕೆ ಜಾಗ ಗೊತ್ತಿರಬೇಕು, ಊರಿಗೆಲ್ಲ ಗೊತ್ತಾಗಬೇಕಿಲ್ಲ. ರಾಜ್ಯ ಮತ್ತು ವಾರ ಹಾಕಿದರೆ ವಂಶವೃಕ್ಷ ಕಟ್ಟುವವರಿಗೆ ಬಹುಮಟ್ಟಿಗೆ ಸಾಕು. ಜೀನೋಮ್ ವರದಿಯನ್ನು ಪೊಲೀಸ್ ಕೇಸಿನ ಹಾಗೆ ಬಳಸುವ ಅಧಿಕಾರಿ ಮುಂದಿನ ಸಲ ತಾನೇ ಕುರುಡಾಗುತ್ತಾನೆ, ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಕುರಿಗಾಹಿ:
ಮಾದರಿ ಕೊಡೋದಾದರೆ ನಾವು ಏನು ಮಾಡಬೇಕು, ಅದನ್ನು ಹೇಳಿ.

ನಿವೃತ್ತ ಪಶುವೈದ್ಯ:
ನೀವೇ ಕತ್ತರಿಸೋಕೆ ಹೋಗಬೇಡಿ. ಪಶುವೈದ್ಯರನ್ನು ಕರೆಯಿರಿ, ಬೇಗ ಕರೆಯಿರಿ. ಕಾಲುಬಾಯಿಯಲ್ಲಿ ಆಗಷ್ಟೇ ಎದ್ದ ಅಥವಾ ಆಗಷ್ಟೇ ಒಡೆದ ಗುಳ್ಳೆಯ ಚರ್ಮದಲ್ಲಿ ವೈರಸ್ ಜಾಸ್ತಿ. ಕನಿಷ್ಠ ಒಂದು ಗ್ರಾಂ ಬೇಕು. ಈ ವೈರಸ್‌ಗೆ ಹುಳಿ ಆಗಲ್ಲ, ಹಾಗಾಗಿ ಗ್ಲಿಸರಾಲ್ ಮತ್ತು ಬಫರ್ (ಹುಳಿಯಾಗದಂತೆ ಕಾಯುವ ದ್ರಾವಣ) ಸಮಪಾಲು ಬೆರೆಸಿದ ದ್ರವದಲ್ಲಿ ಹಾಕಿ ತಣ್ಣಗಿಟ್ಟು ಕಳಿಸುತ್ತಾರೆ. ವಾರ ಕಳೆದು ಗಾಯ ಒಣಗಿದ ಮೇಲೆ ಕರೆದರೆ ರೋಗ ಬಂದಿತ್ತು ಅಂತ ರಕ್ತದಲ್ಲಿ ತಿಳಿಯುತ್ತೆ, ಓದೋಕೆ ಬೇಕಾದಷ್ಟು ಜೀನೋಮ್ ಸಿಗೋದು ಕಷ್ಟ.

ನಿಮ್ಮ ಕೆಲಸ ನೆನಪಿಟ್ಟುಕೊಳ್ಳೋದು. ಮೊದಲ ಪ್ರಾಣಿ ಜೊಲ್ಲು ಸುರಿಸಿದ್ದು, ಕುಂಟಿದ್ದು ಯಾವತ್ತು? ಅದಕ್ಕೆ ಹಿಂದಿನ ಎರಡು ವಾರದಲ್ಲಿ ಯಾವ ಪ್ರಾಣಿ ಒಳಬಂತು, ಯಾವುದು ಹೊರಹೋಯಿತು, ಹಾಲಿನ ಗಾಡಿ, ಮೇವಿನ ಗಾಡಿ ಎಲ್ಲಿಂದ ಬಂತು? ಗಾಯ ಎಷ್ಟು ದಿನದ್ದು ಅಂತ ನಾವು ಬಾಯಿ ತೆರೆದು ನೋಡಿ ಅಂದಾಜು ಮಾಡುತ್ತೇವೆ, ಐದು ದಿನದವರೆಗೆ ಪರವಾಗಿಲ್ಲ, ಆಮೇಲೆ ಅಂದಾಜು ಸಡಿಲವಾಗುತ್ತೆ. ನಿಮ್ಮ ನೆನಪಿನ ದಿನಾಂಕ ಇದ್ದರೆ ಅದು ಗಟ್ಟಿಯಾಗುತ್ತೆ.

ಸಂಶಯರಾಯ:
ಫಲಿತಾಂಶ ಬರೋ ಹೊತ್ತಿಗೆ ರೋಗವೇ ಮುಗಿದಿರುತ್ತೆ ಅಲ್ವಾ? ಕೊನೆಯ ಕೊಂಕು, ಬೈಬೇಡಿ.

ಕೋಡ್ ಕೋಣ:
ಮೊದಲೆಲ್ಲ ಹಾಗೇ ಇತ್ತು, 2001ರ ಪೂರ್ತಿ ಜೀನೋಮ್‌ಗಳು ಓದಿದ್ದು ರೋಗ ಮುಗಿದು ವರ್ಷಗಳಾದ ಮೇಲೆ. 2007ರಲ್ಲಿ ರೋಗ ನಡೆಯುತ್ತಿರುವಾಗಲೇ ಓದಿ ಕೊಟ್ಟರು. ಈಗ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸೀಕ್ವೆನ್ಸರ್ (ಜೀನೋಮ್ ಓದುವ ಯಂತ್ರ) ಇದೆ, ಮಾದರಿ ಚೆನ್ನಾಗಿದ್ದರೆ ಆರ್‌ಎನ್‌ಎ ವೈರಸ್‌ನ ಇಡೀ ಜೀನೋಮ್ ಒಂದೆರಡು ದಿನದಲ್ಲಿ ಆಗುತ್ತೆ. ತಡ ಆಗೋದು ಯಂತ್ರದಲ್ಲಿ ಅಲ್ಲ. ಮಾದರಿ ಲ್ಯಾಬ್ ತಲುಪೋಕೆ, ಆಮೇಲೆ ಆ ವರದಿಯನ್ನು ಹೊರಗೆ ಬಿಡಬಹುದಾ ಅಂತ ಮೇಲಿನವರು ಸಹಿ ಹಾಕೋಕೆ. ಅದಕ್ಕೆ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ ರಾಯರೇ.